ಸಾಂಬಾರಿನ ಉತ್ಪತ್ತಿಕಥೆ: ಒಂದು ಆಧಾರವಿಮರ್ಶೆ

ಪಾಕಶಾಸ್ತ್ರಕ್ಕೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಸುದೀರ್ಘವಾದ ಗ್ರಂಥಪರಂಪರೆಯಿದ್ದರೂ, ಅಡುಗೆಯ ಚರಿತ್ರೆಯನ್ನು ಹೇಳಹೊರಟವರು ಗ್ರಂಥಗಳನ್ನು ತೆರೆಯುವುದು ವಿರಳ; ಕೇಳಿದ ಕಥೆಯನ್ನೇ ಮುಂದಕ್ಕೆ ದಾಟಿಸುವುದು ರೂಢಿ. ಸ್ಥಳಪುರಾಣಗಳನ್ನೂ ಕೈಫಿಯತ್ತುಗಳನ್ನೂ ಶಾಸನಗಳೊಡನೆ ಹೋಲಿಸಿ ನೋಡುವ ನಾವು, ಎಲೆಯ ಮೇಲೆ ಬಡಿಸಿದ ಪದಾರ್ಥದ ಐತಿಹ್ಯವನ್ನು ಮಾತ್ರ ಪರೀಕ್ಷಿಸದೆ ಒಪ್ಪಬೇಕಾದ ಕಾರಣವಿಲ್ಲ. ದಕ್ಷಿಣ ಭಾರತದ ಪ್ರಧಾನ ವ್ಯಂಜನವಾದ ಸಾಂಬಾರನ್ನು ಮೊದಲು ಮಾಡಿದವರು ಯಾರು ಎಂಬುದನ್ನು ಕುರಿತು ಈಚೆಗೆ ಬಹಳವಾಗಿ ಪ್ರಚಾರದಲ್ಲಿರುವ ಕಥೆಯೊಂದನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ. ವಿಷಯ ಲಘುವೆಂದು ತೋರಬಹುದು. ಆದರೆ ಈ ಕಥೆಯನ್ನು ನಂಬಿದರೆ ನಮ್ಮ ಕೆಲವು ಕನ್ನಡ ಕೃತಿಗಳ ಸಾಕ್ಷ್ಯವನ್ನು ತಳ್ಳಿಹಾಕಬೇಕಾಗುತ್ತದೆ. ಆದುದರಿಂದ ಇದು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಸಂಬಂಧಪಟ್ಟ ವಿಷಯವೇ ಆಗಿದೆ.

ಕಥೆ ಹೀಗಿದೆ. ತಂಜಾವೂರನ್ನು ಆಳುತ್ತಿದ್ದ ಮರಾಠ ದೊರೆ ಶಾಹಜಿಯ ಅರಮನೆಗೆ ಛತ್ರಪತಿ ಶಿವಾಜಿಯ ಮಗನಾದ ಸಂಭಾಜಿಯು ಅತಿಥಿಯಾಗಿ ಬಂದನು. ಮರಾಠರ ಮೆಚ್ಚಿನ ಆಮಟಿಯನ್ನು ಮಾಡಬೇಕಾಯಿತು. ಅದಕ್ಕೆ ಹುಳಿಯಾಗಿ ಹಾಕುವ ಕೋಕಂ, ಎಂದರೆ ನಮ್ಮವರು ಮುರುಗಲು ಅಥವಾ ಪುನರ್ಪುಳಿ ಎನ್ನುವ ಹಣ್ಣಿನ ಸಿಪ್ಪೆ, ಅಂದು ದಾಸ್ತಾನಿನಲ್ಲಿ ಮುಗಿದುಹೋಗಿತ್ತು. ಅದರ ಬದಲಿಗೆ ಆ ಸೀಮೆಯಲ್ಲಿ ದೊರೆಯುವ ಹುಣಸೆಯ ಹಣ್ಣನ್ನು ಕಿವುಚಿ ತೊಗರಿಬೇಳೆಗೆ ಬೆರೆಸಿದರು. ಅತಿಥಿಗೆ ಅದು ಬಹಳ ರುಚಿಸಿತು. ಅವನ ಹೆಸರಿನಿಂದಲೇ ಆ ವ್ಯಂಜನಕ್ಕೆ ‘ಸಾಂಬಾರ್’ ಎಂಬ ಹೆಸರು ನಿಂತಿತು.

ಇದಕ್ಕೆ ಪಾಠಾಂತರಗಳೂ ಉಂಟು. ಒಂದು ಪಾಠದಲ್ಲಿ ಪಾಕವನ್ನು ಮಾಡಿದವನು ಸ್ವತಃ ಶಾಹಜಿ; ಇನ್ನೊಂದರಲ್ಲಿ ಹುಣಸೆಯನ್ನು ಸೂಚಿಸಿದವನು ಆಸ್ಥಾನದ ಒಬ್ಬ ಸೇವಕ; ಮತ್ತೊಂದರಲ್ಲಿ ಬಾಣಸಿಗನಿಲ್ಲದ ಹೊತ್ತಿನಲ್ಲಿ ಸಂಭಾಜಿಯೇ ಒಲೆಯ ಮುಂದೆ ಕುಳಿತನು. ಮೂಲಪ್ರತಿಯೊಂದರಿಂದ ಇಳಿದುಬಂದ ಪ್ರತಿಗಳಲ್ಲಿ ಅಕ್ಷರಗಳು ಬದಲಾಗುತ್ತವೆ, ಪದಗಳು ಬದಲಾಗುತ್ತವೆ. ಕರ್ತೃವೇ ಬದಲಾಗುವುದು ಅಪರೂಪ. ಇಲ್ಲಿ ಸ್ಥಿರವಾಗಿ ಉಳಿದಿರುವ ಅಂಶಗಳು ಮೂರೇ: ಸಂಭಾಜಿಯ ಹೆಸರು, ತಂಜಾವೂರು, ಹುಣಸೆ. ಕಥೆಯ ಪ್ರಾಮಾಣ್ಯವೆಲ್ಲ ಈ ಮೂರರ ಮೇಲೆಯೇ ನಿಲ್ಲಬೇಕು.

ಮೊದಲು ಕಾಲವನ್ನು ನೋಡೋಣ. ಶಿವಾಜಿಯ ಮಲಸಹೋದರನಾದ ಏಕೋಜಿಯು ತಂಜಾವೂರನ್ನು ವಶಪಡಿಸಿಕೊಂಡುದು 1675-76ರ ಸುಮಾರಿಗೆ. ಅವನ ಮಗ ಶಾಹಜಿಯು ಪಟ್ಟವೇರಿದುದು 1684ರಲ್ಲಿ, ಆಳ್ವಿಕೆ 1712ರವರೆಗೆ. ಸಂಭಾಜಿಯು ಹುಟ್ಟಿದುದು 1657ರಲ್ಲಿ. 1689ರ ಫೆಬ್ರವರಿಯಲ್ಲಿ ಸಂಗಮೇಶ್ವರದಲ್ಲಿ ಮೊಗಲರಿಗೆ ಸೆರೆಸಿಕ್ಕಿ ಮಾರ್ಚ್ ತಿಂಗಳಲ್ಲಿ ಹತನಾದನು. ಎಂದರೆ ಕಥೆಯು ನಡೆದಿದ್ದರೆ 1684 ಮತ್ತು 1689ರ ನಡುವಣ ಐದು ವರ್ಷಗಳಲ್ಲಿಯೇ ನಡೆದಿರಬೇಕು. ಈ ಐದು ವರ್ಷಗಳು ಎಂಥವು? ಔರಂಗಜೇಬನು ದೊಡ್ಡ ಸೈನ್ಯದೊಡನೆ ದಖನ್ನಿನಲ್ಲಿಯೇ ಬೀಡುಬಿಟ್ಟಿದ್ದನು. 1686ರಲ್ಲಿ ವಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಬಿದ್ದುವು. ತನ್ನ ರಾಜ್ಯದ ಉಳಿವೇ ಸಂದೇಹದಲ್ಲಿದ್ದಾಗ ದೊರೆಯೊಬ್ಬನು ಕಾವೇರಿಯ ಮುಖಜಭೂಮಿಯವರೆಗೆ ಔತಣಕ್ಕಾಗಿ ಬಂದನೆಂಬುದು ಅಸಾಧ್ಯವೆಂದಲ್ಲ. ಬಲವಾದ ಆಧಾರವಿಲ್ಲದೆ ಒಪ್ಪತಕ್ಕದ್ದಲ್ಲ. 1677ರಲ್ಲಿ ದಕ್ಷಿಣಕ್ಕೆ ದಂಡೆತ್ತಿ ಬಂದು ಏಕೋಜಿಯನ್ನು ಸಂಧಿಸಿದವನು ಶಿವಾಜಿಯೇ ಹೊರತು ಸಂಭಾಜಿಯಲ್ಲ. ಆಗ ಅವನನ್ನು ಹಿಂದೆಯೇ ಬಿಟ್ಟುಬರಲಾಗಿತ್ತು. 1682ರ ಸುಮಾರಿಗೆ ಮೈಸೂರಿನ ಚಿಕ್ಕದೇವರಾಜನೊಡನೆ ಮರಾಠರು ಕಾದಾಡಿದಾಗ ತಂಜಾವೂರಿನ ದೊರೆ ಇನ್ನೂ ಏಕೋಜಿ. ಸಂಭಾಜಿಯ ಮರಣಾನಂತರ ಕೆಳದಿಯ ಚೆನ್ನಮ್ಮಾಜಿಯ ಆಶ್ರಯವನ್ನು ಪಡೆದು, ತಮಿಳುನಾಡಿನ ಜಿಂಜಿಯನ್ನು ಸೇರಿ, ಅಲ್ಲಿ ವರ್ಷಗಟ್ಟಲೆ ಇದ್ದವನು ಅವನ ತಮ್ಮ ರಾಜಾರಾಮ. ಆ ಸೀಮೆಯ ಅಡುಗೆಯನ್ನು ಉಂಡ ಛತ್ರಪತಿಯನ್ನು ಹುಡುಕುವುದಾದರೆ ಅವನೇ ಸಿಕ್ಕುತ್ತಾನೆ. ಆದರೆ ಅವನ ಹೆಸರಿನಿಂದ ‘ಸಾಂಬಾರ್’ ಆಗುವುದಿಲ್ಲ!

ಹೆಸರಿನ ಸಾಮ್ಯವೂ ಇಲ್ಲೊಂದು ತೊಡಕು. ಖಗೇಂದ್ರಮಣಿದರ್ಪಣದ ಮಂಗರಾಜ, ನಿಘಂಟುಕಾರನಾದ ಮಂಗರಾಜ, ಸೂಪಶಾಸ್ತ್ರದ ಮಂಗರಸ ಇವರನ್ನು ಬೇರ್ಪಡಿಸಿ ಒಂದು, ಎರಡು, ಮೂರು ಎಂದು ಎಣಿಸಬೇಕಾಗಿ ಬಂದುದನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭೋಸಲೆ ವಂಶದಲ್ಲಿ ಸಂಭಾಜಿ ಎಂಬ ಹೆಸರು ಒಬ್ಬನದೇ ಅಲ್ಲ. ಶಿವಾಜಿಯ ಅಣ್ಣನೂ ಸಂಭಾಜಿಯೇ. ಅವನು ಕನಕಗಿರಿಯ ಯುದ್ಧದಲ್ಲಿ ಮಡಿದನು. ಹದಿನೆಂಟನೆಯ ಶತಮಾನದಲ್ಲಿ ಕೊಲ್ಲಾಪುರವನ್ನು ಆಳಿದ ಸಂಭಾಜಿ ಮತ್ತೊಬ್ಬ. ತಂಜಾವೂರಿನ ಶಾಹಜಿಗಾದರೋ ಅಜ್ಜನ ಹೆಸರೇ ಇಟ್ಟುದು. ಕಥೆಯನ್ನು ಹೇಳುವವರು ಇವರಲ್ಲಿ ಯಾರನ್ನು ಕುರಿತು ಹೇಳುತ್ತಿದ್ದೇವೆಂಬ ಎಚ್ಚರವನ್ನು ವಹಿಸಿದಂತೆ ಕಾಣುವುದಿಲ್ಲ.

ಕಾಲದ ಪರೀಕ್ಷೆಯಲ್ಲಿ ಕಥೆ ದುರ್ಬಲವೆಂದು ಮಾತ್ರ ಸಿದ್ಧವಾಯಿತು, ಅಸತ್ಯವೆಂದು ಸಿದ್ಧವಾಗಲಿಲ್ಲ. ಆ ಕೆಲಸವನ್ನು ಮಾಡುವುದು ಕನ್ನಡದ ಒಂದು ಕಾವ್ಯ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯನನ್ನು ಕುರಿತು ಗೋವಿಂದವೈದ್ಯನು ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯದ ಕಾಲ ಕ್ರಿ.ಶ. 1648. ಶ್ರೀರಂಗಪಟ್ಟಣದ ಅರಮನೆ, ಪೇಟೆ, ನವರಾತ್ರಿಯ ಉತ್ಸವ ಇವುಗಳ ವರ್ಣನೆಗೆ ಇದು ಪ್ರಸಿದ್ಧವಾದುದು. ತೊಗರಿಬೇಳೆಯೂ ತರಕಾರಿಯೂ ಕೂಡಿದ ‘ಹುಳಿ’ಯು ಈ ಕಾವ್ಯದಲ್ಲಿ ಬಂದಿರುವುದನ್ನು ಭಾರತೀಯ ಆಹಾರದ ಇತಿಹಾಸವನ್ನು ಬರೆದ ಕೆ.ಟಿ. ಅಚ್ಚಯ ಅವರು ಗುರುತಿಸಿ, ಇಂದು ಸಾಂಬಾರೆಂದು ಕರೆಯುವುದು ಇದನ್ನೇ ಎಂದು ಅಭಿಪ್ರಾಯಪಟ್ಟಿದ್ದಾರೆ. 1648ರಲ್ಲಿ ಶಿವಾಜಿಯ ಮಗನಾದ ಸಂಭಾಜಿಯು ಹುಟ್ಟಿರಲಿಲ್ಲ. ಅವನು ಹುಟ್ಟಲು ಇನ್ನೂ ಒಂಬತ್ತು ವರ್ಷಗಳಿದ್ದುವು. ಏಕೋಜಿಯು ತಂಜಾವೂರಿಗೆ ಹೋಗಲು ಇಪ್ಪತ್ತೇಳು-ಇಪ್ಪತ್ತೆಂಟು ವರ್ಷಗಳಿದ್ದುವು. ಹುಟ್ಟದಿರುವ ಅತಿಥಿಗೆ ಮಾಡಿದ ಅಡುಗೆಯು ಅದಕ್ಕೆ ಮೊದಲೇ ಕಾವ್ಯವನ್ನು ಸೇರಿತೆಂದು ಹೇಳಲು ಬಾರದು.

ಇದಕ್ಕಿಂತಲೂ ವಿಚಾರಾರ್ಹವಾದ ಇನ್ನೊಂದು ಅಂಶವಿದೆ. ತಂಜಾವೂರಿನ ಮರಾಠರು ಕೊಂಕಣದಿಂದ ನೆಟ್ಟಗೆ ಕಾವೇರಿಯ ತೀರಕ್ಕೆ ಬಂದಿಳಿದವರಂತೆ ಕಥೆಯು ಅವರನ್ನು ಚಿತ್ರಿಸುತ್ತದೆ. ವಾಸ್ತವವಾಗಿ ಅವರು ಬಂದುದು ಕನ್ನಡನಾಡಿನಿಂದ. 1638ರಲ್ಲಿ ವಿಜಾಪುರದ ಸೈನ್ಯವು ಬೆಂಗಳೂರನ್ನು ಗೆದ್ದ ತರುವಾಯ ಶಹಾಜಿ ಭೋಸಲೆಯು ಅದನ್ನು ಜಾಗೀರಿಯಾಗಿ ಪಡೆದು ಅಲ್ಲಿಯೇ ನೆಲೆಸಿದನು. 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡನು. ಅವನ ಮಗನಾದ ಏಕೋಜಿಯು ಬೆಳೆದುದು ಈ ನಾಡಿನಲ್ಲಿ. ಹುಣಸೆಯ ತೋಪಿಲ್ಲದ ಊರೇ ಇಲ್ಲದ ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಮೂವತ್ತೈದು ವರ್ಷಕ್ಕೆ ಮಿಕ್ಕಿ ಅಡುಗೆಯ ಒಲೆ ಹೂಡಿದ ಕುಟುಂಬವು, ಬೇಳೆಗೆ ಹುಣಸೆಹಣ್ಣನ್ನು ಹಾಕಬಹುದೆಂಬುದನ್ನು ತಂಜಾವೂರಿಗೆ ಹೋದ ಮೇಲೆ ಆಕಸ್ಮಿಕವಾಗಿ ಕಂಡುಕೊಂಡಿತೆನ್ನುವುದು ಹೇಗೆ ಹೊಂದುತ್ತದೆ? ಕೋಕಂ ಮುಗಿದುಹೋಯಿತೆಂಬ ಮಾತಿನಲ್ಲಿಯೇ ಕಥೆಯು ತನ್ನ ಅಜ್ಞಾನವನ್ನು ತೋರಿಸಿಕೊಂಡಿದೆ.

ಇನ್ನು ಹೆಸರನ್ನು ಪರಿಶೀಲಿಸೋಣ. ಸಂಭಾಜಿಯ ಹೆಸರಿಗೆ ‘ಆಹಾರ’ವನ್ನು ಸೇರಿಸಿ ‘ಸಾಂಬಾರ್’ ಎಂದು ಸಾಧಿಸುವವರಿದ್ದಾರೆ. ಇಷ್ಟು ಶ್ರಮ ಅನಾವಶ್ಯಕ. ಸಂಸ್ಕೃತದಲ್ಲಿ ‘ಸಂ’ ಪೂರ್ವಕವಾದ ‘ಭೃ’ ಧಾತುವಿನಿಂದ ಹುಟ್ಟಿದ ‘ಸಂಭಾರ’ ಶಬ್ದಕ್ಕೆ ಒಟ್ಟುಗೂಡಿಸಿದ ಸಾಮಗ್ರಿ ಎಂದರ್ಥ. ಯಜ್ಞಕ್ಕೆ ಬೇಕಾದ ವಸ್ತುಗಳ ಸಂಚಯವನ್ನು ವೈದಿಕ ವಾಙ್ಮಯವು ಇದೇ ಶಬ್ದದಿಂದ ಕರೆಯುತ್ತದೆ. ಅಡುಗೆಗೆ ಬೇಕಾದ ಸಾಮಗ್ರಿ ಎಂಬ ಅರ್ಥಕ್ಕೂ, ಅಲ್ಲಿಂದ ಕೊತ್ತಂಬರಿ, ಜೀರಿಗೆ, ಮೆಣಸು ಮೊದಲಾದ ಪರಿಮಳದ್ರವ್ಯ ಎಂಬ ವಿಶೇಷಾರ್ಥಕ್ಕೂ ಅದು ಇಳಿದುದು ಸಹಜ. ಕನ್ನಡದಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗಿ ‘ಸಂಬಾರ’ ಎಂದಾಯಿತು. ಕುಂಭಕಾರನು ಕುಂಬಾರನಾದಂತೆಯೇ, ಸ್ತಂಭವು ಕಂಬವಾದಂತೆಯೇ ಇದು. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ಹೊಸದಲ್ಲ. ಇಂದಿಗೂ ನಾವು ‘ಸಂಬಾರ ಪದಾರ್ಥ’, ‘ಸಾಂಬಾರ ಪದಾರ್ಥ’ ಎಂದು ಎರಡು ಬಗೆಯಾಗಿಯೂ ಹೇಳುತ್ತೇವೆ. ಆದ್ಯಕ್ಷರದ ದೀರ್ಘವು ಬಳಕೆಯಲ್ಲಿ ಬಂದು ಸೇರಿದುದು. ಏಲಕ್ಕಿ ಲವಂಗಗಳನ್ನು ಸಾಂಬಾರ ಪದಾರ್ಥವೆನ್ನುವಾಗ ಯಾರಿಗೂ ಮರಾಠ ದೊರೆಯ ನೆನಪು ಬರುವುದಿಲ್ಲವಷ್ಟೆ.

ನೆರೆಯ ಭಾಷೆಗಳನ್ನು ನೋಡಿದರೆ ಈ ವ್ಯುತ್ಪತ್ತಿ ಇನ್ನೂ ದೃಢವಾಗುತ್ತದೆ. ಮಲೆಯಾಳದಲ್ಲಿ ‘ಸಂಭಾರಂ’ ಎಂದರೆ ಶುಂಠಿ, ಕರಿಬೇವು ಮೊದಲಾದುವನ್ನು ಜಜ್ಜಿಹಾಕಿದ ನೀರುಮಜ್ಜಿಗೆ. ಅದರಲ್ಲಿ ಬೇಳೆಯೂ ಇಲ್ಲ, ಹುಣಸೆಯೂ ಇಲ್ಲ, ಬೆಂಕಿಯ ಸಂಪರ್ಕವೂ ಇಲ್ಲ. ಮರಾಠಿಯಲ್ಲಿಯೇ, ವಿದರ್ಭದ ಜನರ ಮಾತಿನಲ್ಲಿ ‘ಸಾಂಭಾರ’ವೆಂದರೆ ಕೊತ್ತಂಬರಿಸೊಪ್ಪು, ನಾಗಪುರದ ಸಾಂಭಾರವಡಿಯೆಂಬ ತಿನಿಸು ಅದರಿಂದ ಆದುದು. ಒಂದೆಡೆ ಮಜ್ಜಿಗೆ, ಒಂದೆಡೆ ಸೊಪ್ಪು, ಒಂದೆಡೆ ಬೇಳೆಯ ಸಾರು: ಇವು ಮೂರಕ್ಕೂ ಸಮಾನವಾದುದು ಪರಿಮಳದ್ರವ್ಯದ ಅರ್ಥವೊಂದೇ. ಅಲ್ಲದೆ ಕ್ರಿ.ಶ. 1530ರ ಒಂದು ತಮಿಳು ಶಾಸನದಲ್ಲಿ ದೇವರ ನೈವೇದ್ಯಕ್ಕೆ ಬೇಕಾದ ತುಪ್ಪ, ಮೊಸರು, ಮೆಣಸು ಮೊದಲಾದುವುಗಳ ಸಾಲಿನಲ್ಲಿ ‘ಸಂಬಾರಂ’ ಎಂಬ ಮಾತು ಬಂದಿದೆ. ಇದು ದಕ್ಷಿಣ ಭಾರತದ ಶಾಸನಗಳ ನಾಲ್ಕನೆಯ ಸಂಪುಟದಲ್ಲಿ ಅಚ್ಚಾಗಿದೆ. ಸಂಭಾಜಿಯ ಜನನಕ್ಕೆ ನೂರಿಪ್ಪತ್ತೇಳು ವರ್ಷಗಳ ಹಿಂದಿನ ಪ್ರಯೋಗವಿದು. ಅಲ್ಲಿ ಅದರ ಅರ್ಥ ವ್ಯಂಜನವೋ ಸಾಮಗ್ರಿಯೋ ಎಂಬ ವಿಚಾರದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ಶಬ್ದದ ಪ್ರಾಚೀನತೆಯ ವಿಚಾರದಲ್ಲಿ ಇಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅವಶ್ಯಕ. ವಸ್ತುವಿನ ಚರಿತ್ರೆ ಬೇರೆ, ಹೆಸರಿನ ಚರಿತ್ರೆ ಬೇರೆ. 1648ರ ಕನ್ನಡ ಕಾವ್ಯದಲ್ಲಿ ವಸ್ತುವುಂಟು, ಅದರ ಹೆಸರು ಹುಳಿ. 1530ರ ತಮಿಳು ಶಾಸನದಲ್ಲಿ ಹೆಸರುಂಟು, ಅದು ಇಂದಿನ ವಸ್ತುವೇ ಎಂದು ಹೇಳಲಾಗದು. ಸಾಮಗ್ರಿಯ ಹೆಸರು ಆ ಸಾಮಗ್ರಿಯಿಂದಾದ ಪದಾರ್ಥಕ್ಕೆ ಸಲ್ಲುವುದು ಲಕ್ಷಣೆಯ ಮಾರ್ಗ. ನಮ್ಮ ‘ಹುಳಿ’ಯೂ ಅಂಥದೇ; ರುಚಿಯ ಹೆಸರು ವ್ಯಂಜನಕ್ಕೆ ಬಂದಿದೆ. ಮರಾಠಿಯ ‘ಆಮಟಿ’ಯೂ ಆಮ್ಲರಸದ ಹೆಸರನ್ನೇ ಹೊತ್ತುಕೊಂಡಿದೆ. ಕನ್ನಡದ ಹುಳಿಗೂ ಮರಾಠಿಯ ಆಮಟಿಗೂ ಅರ್ಥ ಒಂದೇ ಆಗಿರುವಾಗ ಒಂದರಿಂದ ಇನ್ನೊಂದು ಒಂದು ರಾತ್ರಿಯ ಔತಣದಲ್ಲಿ ಹುಟ್ಟಿತೆಂದು ಹೇಳುವ ಅಗತ್ಯವೇನು? ಐತಿಹ್ಯವು ಈ ಎರಡು ಚರಿತ್ರೆಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದಲೇ ಅದು ಅಷ್ಟು ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಬೇಳೆಯ ವ್ಯಂಜನವು ನಮ್ಮ ಗ್ರಂಥಗಳಲ್ಲಿ ಎಷ್ಟು ಹಿಂದಿನದೆಂಬುದಕ್ಕೆ ಶಾಸ್ತ್ರದ ಹೆಸರೇ ಸಾಕ್ಷಿ. ‘ಸೂಪ’ವೆಂದರೆ ಬೇಯಿಸಿದ ಬೇಳೆಯ ರಸ, ಅದನ್ನು ಮಾಡುವವನು ಸೂಪಕಾರ, ಇಡೀ ಪಾಕವಿದ್ಯೆಗೆ ಸೂಪಶಾಸ್ತ್ರವೆಂದು ಹೆಸರು. ಕ್ರಿ.ಶ. 1025ರ ಸುಮಾರಿನಲ್ಲಿ ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು (ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದವನಲ್ಲ) ತನ್ನ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧಿಕಾರವನ್ನೇ ಮೀಸಲಿಟ್ಟನು. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅನ್ನಭೋಗದ ಪ್ರಕರಣದಲ್ಲಿ ಹಲವು ಬೇಳೆಗಳನ್ನು ಇಂಗು ಅರಿಸಿನಗಳೊಡನೆ ಪಕ್ವಮಾಡುವ ವಿದಲಪಾಕವನ್ನು ಹೇಳುತ್ತದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ರಚಿಸಿದನು. ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿಗಳನ್ನು ಬರೆದ ಕವಿಯು ಅದೇ ಲೇಖನಿಯಿಂದ ಹಿಟ್ಟಿನ ಭಕ್ಷ್ಯಗಳನ್ನೂ ಪಾನಕಗಳನ್ನೂ ಬದನೆ, ಬಾಳೆ, ಹಲಸುಗಳ ಶಾಕಪಾಕಗಳನ್ನೂ ವರ್ಣಿಸಿರುವುದು ಗಮನಾರ್ಹ. ಅವನಿಗೆ ಪಾಕವು ಕಾವ್ಯಕ್ಕೆ ಅನರ್ಹವಾದ ವಸ್ತುವಾಗಿರಲಿಲ್ಲ. ಶಾಹಜಿಯ ಸಮಕಾಲದಲ್ಲಿಯೇ ಕೆಳದಿಯ ಬಸವರಾಜನು ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಪಾಕವಿಷಯವು ವಿಸ್ತಾರವಾಗಿದೆ. ಇಷ್ಟೊಂದು ಪರಂಪರೆಯ ನಡುವೆ ಬೇಳೆಗೆ ಹುಳಿ ಬೆರೆಸುವ ವಿದ್ಯೆಯನ್ನು ಒಬ್ಬ ರಾಜಪುತ್ರನ ಆಗಮನಕ್ಕಾಗಿ ಕಾಯ್ದಿರಿಸಲಾಗಿತ್ತೆ?

ಪ್ರಸಂಗವಶಾತ್ ಒಂದು ಮಾತು. ಹಸಿಯ ಹಾಲು, ಮೊಸರು, ಮಜ್ಜಿಗೆಗಳೊಡನೆ ದ್ವಿದಲಧಾನ್ಯವನ್ನು ಕೂಡಿಸಬಾರದೆಂಬ ನಿಯಮ ಶ್ರಾವಕರ ಆಹಾರಾಚಾರದಲ್ಲಿದೆ. ಈ ನಿಯಮವನ್ನು ಪಾಲಿಸುವ ಮನೆಯಲ್ಲಿ ಬೇಳೆಗೆ ಹುಳಿ ಬೇಕಾದರೆ ಹುಣಸೆ, ಮಾವು, ನಿಂಬೆಗಳಂತಹ ಫಲಾಮ್ಲವೇ ಸುಲಭವಾದ ದಾರಿ. ಇದನ್ನು ನಾನು ಪ್ರಮಾಣವೆಂದು ಮುಂದಿಡುತ್ತಿಲ್ಲ. ಹುಣಸೆಯನ್ನು ಬೇಳೆಗೆ ಸೇರಿಸುವುದಕ್ಕೆ ಕೋಕಮಿನ ಅಭಾವವಲ್ಲದೆ ಬೇರೆ ಕಾರಣಗಳೂ ಇರಬಹುದೆಂಬುದನ್ನು ತೋರಿಸಲು ಮಾತ್ರ ಹೇಳಿದೆ.

ತಂಜಾವೂರಿನ ಆಸ್ಥಾನವು ಬರೆಹಕ್ಕೆ ಹಿಂಜರಿಯುವ ಆಸ್ಥಾನವಾಗಿರಲಿಲ್ಲ. ಏಕೋಜಿಯ ರಾಣಿ ದೀಪಾಬಾಯಿಯ ಆಶ್ರಯದಲ್ಲಿದ್ದ ರಘುನಾಥ ಗಣೇಶ ನವಹಸ್ತನು ಆ ಶತಮಾನದ ಉತ್ತರಾರ್ಧದಲ್ಲಿ ಭೋಜನಕುತೂಹಲವೆಂಬ ಸಂಗ್ರಹಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಅವನ ವಿಚಾರವಾಗಿ ಪಿ.ಕೆ. ಗೋಡೆಯವರು ಶೋಧಿಸಿ ಬರೆದುದು ಪ್ರಸಿದ್ಧವಾಗಿದೆ. ಕಥೆಯ ಕಾಲಕ್ಕೂ ಸ್ಥಳಕ್ಕೂ ಇಷ್ಟು ಸಮೀಪವಾದ ಪಾಕಗ್ರಂಥ ಮತ್ತೊಂದು ಬೇಕೆ? ಆದರೂ ಕಥೆಯನ್ನು ಹೇಳುವವರು ಅದರಿಂದ ಒಂದು ವಾಕ್ಯವನ್ನಾದರೂ ಉದ್ಧರಿಸಿದುದನ್ನು ನಾನು ಕಂಡಿಲ್ಲ. ಕೆಲವರು ಸರಸ್ವತೀಮಹಲಿನ ಶರಭೇಂದ್ರ ಪಾಕಶಾಸ್ತ್ರದ ಹೆಸರನ್ನು ಎತ್ತುತ್ತಾರೆ. ಅದು 1798ರಿಂದ 1832ರವರೆಗೆ ಇದ್ದ ಎರಡನೆಯ ಸರಫೋಜಿಯ ಕಾಲದ್ದು. ನೂರು ವರ್ಷಗಳ ಮೇಲಿನ ಪಾಕಪುಸ್ತಕದಲ್ಲಿ ಸಾಂಬಾರು ಕಂಡರೆ ಆಗ ಸಾಂಬಾರು ಇತ್ತೆಂದು ಸಿದ್ಧವಾಗುತ್ತದೆಯೇ ಹೊರತು ಅದನ್ನು ಯಾರು ಮೊದಲು ಮಾಡಿದರೆಂಬುದಲ್ಲ.

ವ್ಯಂಜನವೊಂದರ ಉತ್ಪತ್ತಿಗೆ ದೊಡ್ಡ ಮನುಷ್ಯನನ್ನೂ ಒಂದು ಆಕಸ್ಮಿಕವನ್ನೂ ಜೋಡಿಸುವುದು ನಮ್ಮ ದೇಶದ ಗುಣವೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 1837ರ ಸುಮಾರಿಗೆ ಮಾರಾಟಕ್ಕೆ ಬಂದ ವೂಸ್ಟರ್‌ಷೈರ್ ಸಾಸ್‌ಗೆ, ಬಂಗಾಳದ ಗವರ್ನರನಾಗಿದ್ದು ಹಿಂದಿರುಗಿದ ಲಾರ್ಡ್ ಮಾರ್ಕಸ್ ಸ್ಯಾಂಡ್ಸ್ ಎಂಬವನು ಭಾರತದಿಂದ ತಂದ ಪಾಕಕ್ರಮವೇ ಮೂಲವೆಂದೂ, ಔಷಧವ್ಯಾಪಾರಿಗಳಾದ ಲೀ ಮತ್ತು ಪೆರಿನ್ಸರು ಅದನ್ನು ಮಾಡಿ, ರುಚಿಸದೆ ನೆಲಮಾಳಿಗೆಯಲ್ಲಿ ಮರೆತುಬಿಟ್ಟ ಪೀಪಾಯಿಯಲ್ಲಿ ಅದು ಪಕ್ವವಾಯಿತೆಂದೂ ಕಥೆ. ಬಂಗಾಳದ ಗವರ್ನರರ ಪಟ್ಟಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಅಷ್ಟೇ ಅಲ್ಲ, ಆ ಪದವಿ 1836ರವರೆಗೆ ಮೇರಿ ಎಂಬ ಮಹಿಳೆಯದಾಗಿತ್ತು. ಅನಂತರ ಅವಳ ಮಗ ಆರ್ಥರನಿಗೆ ಬಂದು, ಮಾರ್ಕಸನಿಗೆ ಸಂದುದು 1860ರಲ್ಲಿ. ವಂಶಾವಳಿಯನ್ನು ಬಿಚ್ಚಿದೊಡನೆ ಕಥೆ ಕುಸಿಯಿತು. ನಾವು ಪಟ್ಟಾವಳಿಗಳನ್ನು ಶಾಸನಗಳೊಡನೆ ತಾಳೆನೋಡುವ ಕ್ರಮವೇ ಅಲ್ಲಿಯೂ ಕೆಲಸಕ್ಕೆ ಬಂದಿದೆ.

ಮರಾಠರ ಕಥೆಯನ್ನು ತಳ್ಳಿಹಾಕಿದ ಉತ್ಸಾಹದಲ್ಲಿ ಸಾಂಬಾರನ್ನು ಕಂಡುಹಿಡಿದವರು ಕನ್ನಡಿಗರೆಂದು ಸಾರುವುದು ಅದೇ ದೋಷದ ಪುನರಾವೃತ್ತಿಯಾದೀತು. ಗೋವಿಂದವೈದ್ಯನು ತನ್ನ ಕಾಲದಲ್ಲಿ ರೂಢವಾಗಿದ್ದ ಅಡುಗೆಯನ್ನು ಹೆಸರಿಸಿದನು. ಅದು ಆಗ ಹೊಸದೆಂದು ಅವನು ಹೇಳಲಿಲ್ಲ. ಗ್ರಂಥದಲ್ಲಿ ಕಾಣುವ ಮೊದಲ ಉಲ್ಲೇಖವು ವಸ್ತುವಿನ ಕಾಲಕ್ಕೆ ಕೆಳಗಿನ ಮಿತಿಯೇ ವಿನಾ ಅದರ ಜನ್ಮದಿನವಲ್ಲ. ತೊಗರಿಯೂ ಹುಣಸೆಯೂ ಬೆಳೆಯುವ ಈ ಸೀಮೆಗಳಲ್ಲೆಲ್ಲ, ಹೆಸರಿಲ್ಲದ ಅನೇಕ ಮನೆಗಳ ಹೆಂಗಸರೂ ಛತ್ರದ ಬಾಣಸಿಗರೂ ಇದನ್ನು ಬಗೆಬಗೆಯಾಗಿ ಮಾಡುತ್ತಿದ್ದರೆಂದು ತಿಳಿಯುವುದೇ ಯುಕ್ತ. ತಂಜಾವೂರಿನ ಮರಾಠರಿಗೂ ಇದರಲ್ಲಿ ಪಾಲಿಲ್ಲವೆಂದು ನನ್ನ ವಾದವಲ್ಲ. ಅವರ ಅಡುಗೆಯು ಆ ನಾಡಿನ ಅಡುಗೆಯೊಡನೆ ಬೆರೆತುದು ಸ್ಪಷ್ಟವೇ ಆಗಿದೆ. ಶಾಹಜಿಯಂತೂ ತೆಲುಗಿನಲ್ಲಿ ಯಕ್ಷಗಾನಗಳನ್ನು ಬರೆದ, 1693ರಲ್ಲಿ ತಿರುವಿಶನಲ್ಲೂರಿನ ಅಗ್ರಹಾರವನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟ ದೊರೆ. ಇಂಥ ಉದಾರಿಗಳ ಸುತ್ತ ಕಥೆಗಳು ಹಬ್ಬುವುದು ಸ್ವಾಭಾವಿಕ.

ಕೊನೆಯದಾಗಿ ಪಾಕಗ್ರಂಥಗಳ ಪ್ರತಿಗಳನ್ನು ನೋಡುವವರಲ್ಲಿ ಒಂದು ವಿಜ್ಞಾಪನೆ. ‘ಸಂಬಾರ’ ಶಬ್ದವು ಬಂದೆಡೆಯಲ್ಲೆಲ್ಲ ಅದು ಸಾಮಗ್ರಿಯ ಅರ್ಥದಲ್ಲಿದೆಯೋ ವ್ಯಂಜನದ ಅರ್ಥದಲ್ಲಿದೆಯೋ ಎಂಬುದನ್ನು ಸಂದರ್ಭದೊಡನೆ ಗುರುತುಮಾಡಿಕೊಳ್ಳಬೇಕು. ಹಾಗೆಯೇ ‘ಮೆಣಸು’ ಎಂದಿದ್ದಲ್ಲಿ ಇಂದಿನ ಮೆಣಸಿನಕಾಯಿಯನ್ನು ಓದಿಕೊಳ್ಳಬಾರದು. ಅದು ಪೋರ್ಚುಗೀಸರ ಆಗಮನದ ತರುವಾಯ ಅಮೆರಿಕದಿಂದ ಬಂದುದು. ಚಾವುಂಡರಾಯ, ಮಂಗರಸರ ಕಾಲದ ಮೆಣಸು ಕರಿಮೆಣಸೇ. ಪ್ರಾಚೀನ ಪಾಕಕೃತಿಯ ಪ್ರತಿಯೊಂದರಲ್ಲಿ ‘ಮೆಣಸಿನಕಾಯಿ’ ಎಂಬ ಪಾಠ ಕಂಡರೆ ಆ ಪದ್ಯವನ್ನೋ ಆ ಪದವನ್ನೋ ಈಚಿನ ಲಿಪಿಕಾರನು ಸೇರಿಸಿರುವನೆಂದು ಶಂಕಿಸಿ, ಬೇರೆ ಪ್ರತಿಗಳೊಡನೆ ಹೋಲಿಸಿದ ಹೊರತು ಅದನ್ನು ಮೂಲಪಾಠಕ್ಕೆ ತೆಗೆದುಕೊಳ್ಳಲಾಗದು.